ದೋಣಿಯವನ ಮತ

ಮೈದಾನದ ಪಡುವಣ ಗೆರೆಯಿಂದ ಇಪ್ಪತ್ತು ಹೆಜ್ಜೆಗೆ ಸಮುದ್ರ.
ಗಾಳಿ ಎತ್ತಿಕೊಂಡು ಹೋದ ಚೆಂಡನ್ನು ವಾಪಸು ತರುವುದು ನನ್ನ ಕೆಲಸ,
ಮೂವತ್ತೊಂದು ವರ್ಷದಿಂದ. ಸಂಬಳವಿಲ್ಲ.
ಬದಲಿಗೆ ಸಮಿತಿಯಲ್ಲೊಂದು ಕುರ್ಚಿ, ಏಳರಲ್ಲಿ ಒಂದು ಮತ.

ಅವತ್ತು ರಾತ್ರಿ ಬಲೆ ಒಣಗಿಸುವ ಅಟ್ಟದಲ್ಲಿ ಸಭೆ.
ಮೇಜಿನ ಮೇಲೆ ಮೂರು ಬೆಳ್ಳಿ ಬಟ್ಟಲು, ಮೂರು ವರ್ಷದವು,
ಪಕ್ಕದಲ್ಲಿ ಒಣಮಾಂಸದ ತಟ್ಟೆ, ಕಾಫಿಯ ಫ್ಲಾಸ್ಕು.
ವಿಷಯ: ಗೆಲ್ಲಿಸಿಕೊಟ್ಟವನನ್ನು ಇಟ್ಟುಕೊಳ್ಳುವುದೋ, ಕಳಿಸುವುದೋ.

ಹಲ್ಗಿರ್ ಬರುವ ಮುಂಚೆ ನಾವು ಸೋಲುತ್ತಿದ್ದೆವು,
ಸಡಗರದಿಂದ ಸೋಲುತ್ತಿದ್ದೆವು.
ಹುಡುಗರು ಕಣ್ಣುಮುಚ್ಚಿ ಆಕಾಶಕ್ಕೆ ಒದೆಯುತ್ತಿದ್ದರು,
ಫ್ಯಾರೋ ದ್ವೀಪದ ಗಾಳಿ ಹನ್ನೆರಡನೆಯವನಾಗಿ
ಎರಡೂ ತಂಡಕ್ಕೆ ಆಡುತ್ತಿತ್ತು,
ಒಂದೇ ಮಧ್ಯಾಹ್ನ ಒಂಬತ್ತು ಚೆಂಡು ತಂದ ದಿನವಿದೆ.
ಪ್ರತಿ ಚೆಂಡಿಗೂ ದಡದಲ್ಲಿ ಚಪ್ಪಾಳೆ. ನಿಜ ಹೇಳುತ್ತೇನೆ,
ಆಗ ತಂಡಕ್ಕಿಂತ ನನಗೇ ಹೆಚ್ಚು ಅಭಿಮಾನಿಗಳು.

ಅವನು ಬಂದ. ಮೊದಲ ದಿನ ಯಾರ ಕೈಯನ್ನೂ ಕುಲುಕಲಿಲ್ಲ.
ಕಾರ್ನರ್ ಬಾವುಟದ ಪಕ್ಕ ನಿಂತು ಒಂದು ಗಂಟೆ
ಗಾಳಿಯನ್ನು ಬರೆದುಕೊಂಡ, ಪೆನ್ಸಿಲಿನಲ್ಲಿ.
ಆಮೇಲೆ ಚೆಂಡು ನೆಲ ಬಿಟ್ಟೇಳಲಿಲ್ಲ.
ಹುಲ್ಲಿಗಂಟಿದ ಪಾಸು, ಮತ್ತೊಂದು ಪಾಸು, ಸ್ವೆಟರು ಹೆಣೆದ ಹಾಗೆ.
ಒಂದಕ್ಕೆ ಸೊನ್ನೆ. ಒಂದಕ್ಕೆ ಸೊನ್ನೆ. ಒಂದಕ್ಕೆ ಸೊನ್ನೆ.
ದಿಬ್ಬದ ಮೇಲೆ ಕಾರಿನೊಳಗೆ ಕೂತು ನೋಡುವವರು
ಗೋಲಿಗೆ ಒಮ್ಮೆ ಹಾರನ್ ಹೊಡೆದು ಸುಮ್ಮನಾಗುತ್ತಿದ್ದರು;
ಉಳಿದ ಹೊತ್ತೆಲ್ಲ ವೈಪರಿನ ಸದ್ದು.
ನಾಲ್ಕು ವರ್ಷದಲ್ಲಿ ಸಮುದ್ರಕ್ಕೆ ಬಿದ್ದದ್ದು ಆರು ಚೆಂಡು,
ಅದರಲ್ಲೂ ಐದು ಎದುರಾಳಿಗಳು ಒದ್ದದ್ದು.

ಮೀನು ಕಾರ್ಖಾನೆಯ ತುಮ್ಮಾಸ್ ಲೆಕ್ಕ ಓದಿದ:
ಗೆದ್ದ ಪಂದ್ಯ, ಬಂದ ಹಣ, ಬಂದ ಮಂದಿ.
ಮೂರನೆಯದನ್ನು ಮೆಲ್ಲಗೆ ಓದಿದ.
ಬೆಂಚಿನ ಮೇಲೇ ನನ್ನ ಮಗನಿಗೆ ಇಪ್ಪತ್ತು ತುಂಬಿತು, ಅಂದಳು ರಣ್ವಾ.
ಪಾಪ. ಆದರೆ ಆ ಹುಡುಗನ ಎಡಗಾಲು
ಬರೀ ನಿಲ್ಲುವುದಕ್ಕೆಂದು ಊರಿಗೆಲ್ಲ ಗೊತ್ತು.
ಗೆದ್ದೆತ್ತಿನ ಬಾಲ ಹಿಡಿಯಬೇಕಪ್ಪ, ಅಂದ ಪಾದ್ರಿಯ ಅಣ್ಣ.
ಹಿಡಿಯೋಣ ಸ್ವಾಮಿ.
ಅದರ ಜೊತೆ ಒಂದೇ ಕೊಟ್ಟಿಗೆಯಲ್ಲಿ
ನಾಲ್ಕು ಚಳಿಗಾಲ ಮಲಗಿ ನೋಡಿದ್ದೀರಾ?

ಮೂರು ಚೀಟಿ ಇರಲಿ ಎಂದವು, ಮೂರು ಹೋಗಲಿ ಎಂದವು.
ಏಳನೆಯದು ನನ್ನ ಕೈಯಲ್ಲಿ, ಉಪ್ಪಿಗೆ ಒಡೆದ ಕೈ.

ಒಂದು ಮಾತನ್ನು ನಾನು ಸಭೆಯಲ್ಲಿ ಹೇಳಲಿಲ್ಲ.
ಮೂರನೆಯ ಬಟ್ಟಲು ಎತ್ತಿದ ರಾತ್ರಿ, ಊರು ಕುಣಿಯುವಾಗ,
ಅವನು ದೋಣಿಮನೆಗೆ ಬಂದಿದ್ದ, ಒಬ್ಬನೇ.
ಏನೋ ಹೇಳಿಕೊಳ್ಳುತ್ತಾನೆಂದು ಕಾದೆ.
ದೋಣಿಗೆ ಒಂದು ಸುತ್ತು ಬಂದ, ಕುಕ್ಕರುಗಾಲಲ್ಲಿ ಕೂತ, ಬೆರಳಾಡಿಸಿದ,
"ಎಡಕ್ಕೆ ಮೂರನೆಯ ಹಲಗೆ ಬಾಯಿ ಬಿಟ್ಟಿದೆ" ಅಂದ,
ಎದ್ದು ಹೋದ.

ಬಿಟ್ಟಿತ್ತು. ಕೂದಲೆಳೆಯಷ್ಟು.
ಅಷ್ಟು ವರ್ಷ ಅದರಲ್ಲೇ ಕೂತವನಿಗೆ ಕಾಣದ್ದು.
ಬೆಳಗಿನ ತನಕ ಡಾಂಬರು ಕಾಯಿಸಿ, ಸೆಣಬು ತುರುಕಿ
ಬಿರುಕು ಮುಚ್ಚಿದೆ, ಅವನನ್ನು ಬೈಯುತ್ತ.

ಇಂಥವನನ್ನು ಕಳಿಸಿದರೆ ಮುಳುಗುತ್ತೇವೆ.
ಇಟ್ಟುಕೊಂಡರೆ, ಬರಬರುತ್ತ
ಹಲಗೆಯೇ ಕಾಣುವುದಿಲ್ಲ, ಬರೀ ಬಿರುಕು ಕಾಣುತ್ತದೆ.
ಚೀಟಿಯಲ್ಲಿ ಇಷ್ಟೆಲ್ಲ ಬರೆಯಲು ಜಾಗವಿರಲಿಲ್ಲ.

ಏನು ಬರೆದೆ ಎಂದು ಕೇಳಬೇಡಿ.
ರಣ್ವಾ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ಮುಂದಿನ ಭಾನುವಾರ, ಒಂದಕ್ಕೆ ಸೊನ್ನೆ, ಎಂಬತ್ತೊಂಬತ್ತನೆಯ ನಿಮಿಷ,
ಗೆರೆ ದಾಟಿದ ಚೆಂಡು ಉರುಳಿ ಅವನ ಕಾಲಿಗೇ ಬಂತು.
ಹಲ್ಗಿರ್ ಅದನ್ನು ಎತ್ತಿ ಒದ್ದ,
ಗಾಳಿಗೆ, ನನ್ನ ತಲೆಯ ಮೇಲೆ, ದೂರ ಸಮುದ್ರಕ್ಕೆ.
ಹೊತ್ತು ಕಳೆಯುವ ಹೂಟ, ಅಂದರು ತಿಳಿದವರು.
ರೆಫರಿ ಹಳದಿ ಚೀಟಿ ತೆಗೆದ.
ದಿಬ್ಬದ ಕಾರುಗಳೆಲ್ಲ ಒಟ್ಟಿಗೆ ಹಾರನ್ ಹೊಡೆದವು.

ನಾನು ಹುಟ್ಟು ಹಾಕಿದೆ. ಒಂದು ಹನಿ ಒಳಗೆ ಬರಲಿಲ್ಲ.
ಹುಟ್ಟು ಹಾಕುವವನು ಎತ್ತ ಹೋದರೂ
ಮುಖ ಬಿಟ್ಟುಬಂದ ದಡದ ಕಡೆಗೇ ಇರುತ್ತದಲ್ಲ,
ನೋಡಿದೆ:
ಅವನು ಆಗಲೇ ಗಡಿಯಾರ ನೋಡುತ್ತಿದ್ದ.