ತಗ್ಗಿನ ಲೆಕ್ಕ

ಸಡಾದ ಗುಡ್ಡದ ಮ್ಯಾಲ ಹೈಸ್ಕೂಲು.
ಕಿಟಕಿ ಗಾಜಿಗೆ ಬಂದರದ ಕಲ್ಲಿದ್ದಲ ಪುಡಿ,
ಅದರಾಗ ಯಾವನೋ ಬೆರಳಾಡಿಸಿ ಒಂದು ಮೀನು ಬರದಾನ.
ಅರ್ಧಾ ದಿನದ ಕೂಲಿ ಬಿಟ್ಟು ಬಂದೀನಿ.
ಕಾಲಿನ ಕೆಂಪು ಮಣ್ಣು ಉದುರತೈತಿ ಅಂತ
ಬಾಗಿಲದಾಗಽ ನಿಂತೀನಿ.

ಎಫಿಜೆನಿಯಾ ಬಾಯಿ ಚಷ್ಮಾ ಏರಿಸಿ ಹಾಳಿ ತಿರುವತಾರ.
ನನ್ನ ಹುಲಿಗೆಮ್ಮ ಅಲ್ಲಿ ಉಲಿಗೆಮಾ ಆಗ್ಯಾಳ.
ಇರಲಿ, ಕರದರ ಓ ಅಂತಾಳ.
ಒಂಬತ್ತನೇತ್ತಾದಾಗ ಒಂದು ಕಸಬು ಕಲೀಬೇಕಂತ,
ಇಲ್ಲಂದ್ರ ಸಂಸ್ಕೃತ.
ಯೋಚನಿ ಮಾಡಿ ಒಂದಕ್ಕ ಟಿಕ್ ಹೊಡೀರಿ,
ಗಂಟಿ ಆಗೂದರಾಗ.

ಫ್ಯಾನಿನ ಕೆಳಗ ಕುಂತು ಮಾಡೂ ಕಸಬು ಯಾವುದರಿ, ಅಂದೆ.
ಬಾಯಿ ನಕ್ಕರು. ಅಕೌಂಟ್ಸ್ ತುಂಬೇತಿ.
ಹೆಣ್ಣುಹುಡುಗೂರು ಬ್ಯೂಟಿ ತಗೋತಾರ,
ಹುಬ್ಬು ತಿದ್ದೂದು, ಮದಿಮಗಳಿಗೆ ಬಣ್ಣಾ ಹಚ್ಚೂದು,
ಕಲಂಗೂಟದ ಹೋಟೆಲಿನಾಗ ನೌಕರಿ ಸಿಗತೈತಿ.
ಮೋಟಾರು, ಪ್ಲಂಬಿಂಗು ಗಂಡುಹುಡುಗೂರಿಗೆ...
ಬಾಯಿಯ ಮಾತು ಮುಗಿಯೂದರಾಗಽ
ಉಲಿಗೆಮಾ ಪೆನ್ನು ಇಸಗೊಂಡು ಟಿಕ್ ಹೊಡದ್ಲು.

ಪ್ಲಂಬಿಂಗು.

ಹದಿನೇಳು ವರ್ಷ ಆತು ಈ ಊರ ನೆಲಾ ಅಗಿಯಾಕ ಹತ್ತಿ.
ತಗ್ಗು ನಂದು, ಪೈಪು ಬ್ಯಾರೇದವರದು.
ಎದಿಮಟ ಇಳದು, ಪೈಪು ಇಳಿಸಿ, ಮ್ಯಾಲ ಬರಬೇಕು.
ಆಮ್ಯಾಲ ಮೇಸ್ತ್ರಿ ಇಳೀತಾನ.
ಅವನ ಪಾನಾ ನಾ ಮುಟ್ಟಿಲ್ಲ.
ಏ, ಎಲ್ಬೋ ಕೊಡೋ ಅಂದ್ರ ಕೊಟ್ಟೀನಿ.
ಎಲ್ಬೋ ಅಂದ್ರ ಮೊಳಕೈ ಅಂತ ಮೊನ್ನಿ ಮೊನ್ನಿ ಗೊತ್ತಾತು.

ಗುಡ್ಡಾ ಇಳಿಯೂ ಮುಂದ ಸಿಟ್ಟು ತಡೀಲಿಲ್ಲ:
ನನ್ನ ತಗ್ಗಿನಾಗಽ ಬೀಳಾಕ ಬೇಕಾಗಿತ್ತೇನು?
ಅದಕ್ಕ ಸಾಲಿಗೆ ಹಾಕೀನೇನು ನಿನ್ನ?
ಆಕಿ ಕಲ್ಲು ಒದಕೋತ ಹೊಂಟಿದ್ಲು.
ಅಪ್ಪಾ, ತಗ್ಗಿಗೂ ಲೆಕ್ಕಾ ಇರತೈತಿ, ಅಂದ್ಲು,
ಬರೇ ಅಷ್ಟು.

ಮಳಿ ಹಿಡೀತು, ಸಾಲಿ ಚಾಲೂ ಆತು.
ಥಿಯರಿಗೆ ಮೂವತ್ತು, ಪ್ರಾಕ್ಟಿಕಲ್ಲಿಗೆ ಎಪ್ಪತ್ತು.
ಹತ್ತೊಂಬತ್ತು ಗಂಡುಹುಡುಗೂರ ನಡುವ ಒಬ್ಬಾಕಿ;
ನಾರ್ವೇಕರ್ ಸರ್ ಮೊದಲಿನ ವಾರ
ಆಕಿಗೆ ಸಾಮಾನ ಎಣಸೂ ಕೆಲಸಾ ಕೊಟ್ಟಿದ್ರಂತ.
ಪಕ್ಕದ ಖೋಲಿ ದಾವಲಬಿ ಸಂಸ್ಕೃತ ತಗೊಂಡಾಳ.
ರಾತ್ರಿ ಇಬ್ಬರೂ ಪುಸ್ತಕಾ ಬದಲ್ ಮಾಡಕೊಂಡು ಓದತಾರ,
ರಾಮಃ ರಾಮೌ ರಾಮಾಃ,
ಟೀ, ರಿಡ್ಯೂಸರ್, ಬಾಲ್ ವಾಲ್ವ್.

ಒಂದಿನ ಕಂಪಾಸ ಡಬ್ಬಿಯಿಂದ ಒಂದು ತುಂಡು ತಗದ್ಲು.
ಇದು ಯೂನಿಯನ್. ಎರಡು ಪೈಪು ಕೂಡಸತೈತಿ,
ಬ್ಯಾಡಾದಾಗ ಬಿಚ್ಚಾಕೂ ಬರತೈತಿ, ಒಂದೂ ಮುರೀದಂಗ.
ಇಂಥಾವು ಗೋಣಿಗಟ್ಟಲೆ ಹೊತ್ತೀನಿ ನಾ.
ತೂಕಾ ಗೊತ್ತಿತ್ತು.
ಬಿಚ್ಚತೈತಿ ಅನ್ನೂದು ಗೊತ್ತಿದ್ದಿಲ್ಲ.

ನಮ್ಮ ಓಣಿ ನಳ ನಸುಕಿನ ನಾಕಕ್ಕ ಕೆಮ್ಮತೈತಿ.
ಕೆಮ್ಮಿ ಕೆಮ್ಮಿ ಗಾಳಿ ಬಿಡತೈತಿ,
ಹನ್ನೊಂದು ಮನಿ ಕೊಡಾ ಸಾಲು ಹಚ್ಚಿ ಕಾಯತಾವು.
ದೀಪಾವಳಿ ಸೂಟಿಯಾಗ ಆಕಿ ದಾರಾ, ನೀರಿನ ನಳಿಗಿ ಹಿಡಕೊಂಡು
ಓಣಿ ಉದ್ದಕ್ಕ ಅಳತಿ ತಗೊಂಡ್ಲು.
ದಾವಲಬಿ ಬರಕೊಂಡ್ಲು. ಮಂದಿ ನಕ್ಕರು.
ಸಂಜಿಗೆ ಒಂದು ಹಾಳಿ ತಂದು ನನ್ನ ಮುಂದ ಇಟ್ಲು,
ನೀರಿನ ಇಲಾಖೆಗೆ ಅರ್ಜಿ, ಇಂಗ್ಲಿಷಿನಾಗ.
ಮನಿ ಯಜಮಾನಂದು ಸಹಿ ಬೇಕಂತ.

ಏನ ಬರದಿ, ಅಂದೆ.
ಗಣಪತಿ ಕಟ್ಟಿ ಹತ್ತಿರ ಪೈಪು ಉಬ್ಬೇತಪ್ಪಾ,
ಗಾಳಿ ಅಲ್ಲೇ ಸಿಕ್ಕೊಂಡೈತಿ.
ಅಗದಾಂವ ಯಾವನೋ ಬಂಡಿ ಹತ್ತಿದ ಕೂಡಲೆ ಬಿಟ್ಟಾನ.
ಎರಡು ಗೇಣು ತಗ್ಗು ಕಡಿಮಿ.

ಆ ವರ್ಷದ ಬ್ಯಾಸಗಿ ನೆನಪಾತು.
ಆ ಬಂಡಿ, ಹಾರೀ ಮಣದದ್ದು,
ಕತ್ತಲಾತು ಮುಚ್ಚಲೇ ಅಂತ ಮೇಸ್ತ್ರಿ ಒದರಿದ್ದು.

ಪೆನ್ನು ಕೊಡು, ಅಂದೆ.
ಸಹಿ ಎಲ್ಲಿ ಮಾಡೂದು ತೋರಸು.