ಹದಿನಾಲ್ಕನೆಯ ಪ್ರಶ್ನೆ

ಫುಟ್‌ಬಾಲ್ ಪಂದ್ಯಾವಳಿಯ ಶನಿವಾರ. ಕೆಂಪು ಧೂಳು.
ಸಾಸೇಜು ಸುಡುವ ಒಲೆಯ ಹಿಂದೆ ನಮ್ಮ ಡೇರೆ,
ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಟ್ಯಾಬ್ಲೆಟ್,
ಬಕೆಟ್ಟಿನ ತುಂಬ ಕಾಂಡೋಮು. ಮಿಠಾಯಿಯೆಂದು
ಕೈ ಹಾಕಿದ ಪೋರನ ಅಜ್ಜಿ
ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ನನ್ನ ಎದೆಯ ಮೇಲೊಂದು ಪಟ್ಟಿ: ಕಿಯಾರ್ನಾ, ಸಂಶೋಧಕಿ.
ಹತ್ತೊಂಬತ್ತು ವರ್ಷ, ಮೂರು ದಿನದ ತರಬೇತಿ.
ಆ ಪದ ಹೊಸ ಬೂಟಿನ ಹಾಗೆ
ಇನ್ನೂ ಹಿಮ್ಮಡಿ ಕಚ್ಚುತ್ತದೆ.

"ಸಂಶೋಧಕರಾ?" ಅಂದಿದ್ದಳು ನ್ಯಾನ್ ಡುಲ್ಸಿ, ನನ್ನಜ್ಜಿ,
ಚಹಾದ ಲೋಟ ಕೆಳಗಿಡದೆ.
"ಮಿಶನ್ನಿನಲ್ಲಿದ್ದಾಗ ನೋಡಿದ್ದೇನೆ.
ತಲೆಗೆ ಟೇಪು ಸುತ್ತಿದರು, ಬೆರಳು ಚುಚ್ಚಿದರು,
ಪುಸ್ತಕದಲ್ಲಿ ಬರೆದುಕೊಂಡರು.
ಏನು ಬರೆದರೋ, ಓದಿ ಹೇಳಲಿಕ್ಕೆ
ಒಬ್ಬನೂ ತಿರುಗಿ ಬರಲಿಲ್ಲ."
ಅಷ್ಟು ಹೇಳಿ ಬಿಸ್ಕತ್ತು ಅದ್ದಿದಳು.

ನಗರದಿಂದ ಬಂದ ಪ್ರಶ್ನೆಗಳಿಗೆ ಇಸ್ತ್ರಿ ಹಾಕಿದ ಮಾತು:
'ಕಳೆದ ಲೈಂಗಿಕ ಸಂಪರ್ಕದ ಸಂದರ್ಭದಲ್ಲಿ
ರಕ್ಷಣಾ ಸಾಧನವನ್ನು ಬಳಸಲಾಗಿತ್ತೇ?'
ಹೀಗೆ ಕೇಳಿದರೆ ನಮ್ಮ ಹುಡುಗರು
ಕೋರ್ಟಿನಲ್ಲಿ ನಿಂತ ಹಾಗೆ ನಿಲ್ಲುತ್ತಾರೆ, ಅಂದೆ.
ಡಾಕ್ಟರ್ ಫಿಲಿಪಾ ಪೆನ್ನು ನನ್ನ ಕಡೆ ಚಾಚಿದಳು,
ಚಾಚಿ, ತುದಿಯನ್ನು ಸ್ವಲ್ಪ ಹೊತ್ತು
ಹಿಡಿದೇ ಇದ್ದಳು.

ಬಾಕಾ ನದಿಯ ದಂಡೆಯಲ್ಲಿ ನಾನು, ಲೆರಾಯ್, ಟಾನಿಕಾ
ಇಡೀ ಸಂಜೆ ಕೂತು, ಹೊಡೆದು ಹಾಕಿ, ಬೈದಾಡಿ
ಕೊನೆಗೆ ಬರೆದದ್ದು:
'ಕಳೆದ ಸಲ ಕಾಂಡೋಮ್ ಇತ್ತಾ?'

ಹುಡುಗರು ಲೆರಾಯ್ ಮುಂದೆ, ಹುಡುಗಿಯರು ನನ್ನ ಮುಂದೆ.
ಅಣ್ಣನ ವರಸೆಯವನೊಬ್ಬ ಬರುತ್ತಿದ್ದಂತೆ
ನಾನು ಎದ್ದು ಸಾಸೇಜು ತರಲು ಹೋದೆ.
ಅದು ನಾಚಿಕೆಯಲ್ಲ, ಕಟ್ಟಳೆ.
ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಒಬ್ಬಳು ಎಲ್ಲದಕ್ಕೂ 'ಗೊತ್ತಿಲ್ಲ' ಒತ್ತಿದಳು.
ಎದ್ದಳು. ಮತ್ತೆ ಕೂತಳು.
ಟ್ಯಾಬ್ಲೆಟ್ ಆರಿದ ಮೇಲೆ, ತನ್ನ ಉಗುರಿನ ಬಣ್ಣ ಕೆರೆಯುತ್ತ:
"ಕ್ಲಿನಿಕ್ಕಿನ ನರ್ಸು ನನ್ನ ಚಿಕ್ಕಮ್ಮ.
ಪರೀಕ್ಷೆ ಮಾಡಿಸಿದರೆ ಅಮ್ಮನಿಗೆ ಹೇಳ್ತಾಳಾ?"
ನಲವತ್ತೆರಡು ಪ್ರಶ್ನೆಗಳಲ್ಲಿ
ಇದು ಎಲ್ಲಿಯೂ ಇರಲಿಲ್ಲ.
ಅಂಗೈ ಮೇಲೆ ಬರೆದುಕೊಂಡೆ, ಬೆವರಿಗೆ ಅಳಿಸುವ ಮೊದಲು
ಫಿಲಿಪಾಗೆ ತೋರಿಸಿದೆ.

ರಾತ್ರಿ ಜಗಲಿಯಲ್ಲಿ ನ್ಯಾನ್ ಕಾಯುತ್ತಿದ್ದಳು.
"ಏನು ಬರಕೊಂಡೆ? ಓದು."
ಯಾರ ಹೆಸರೂ ಹೇಳುವಂತಿಲ್ಲ ನ್ಯಾನ್.
"ಹೆಸರು ಯಾರಿಗೆ ಬೇಕು. ಪ್ರಶ್ನೆ ಓದು."
ಒಂದರಿಂದ ಶುರು ಮಾಡಿದೆ, ನೊಣ ಓಡಿಸುತ್ತ,
ನಡುವೆ ಕೆಮ್ಮುತ್ತ, ಬೇಕಂತಲೇ ನಿಧಾನವಾಗಿ.

ಹದಿನಾಲ್ಕಕ್ಕೆ ಬಂದಾಗ
ಲೋಟ ಕೆಳಗಿಟ್ಟಳು.