ನಾಲ್ಕು ಜಾಕಿನ ಮನೆ

ಚಿಖಲಿಯ ದಕ್ಕೆಯಲ್ಲಿ ಮಗುಚಿ ಮಲಗಿದ ದೋಣಿಗಳ ನಡುವೆ
ಕಿಟಕಿ ಇದ್ದದ್ದು ಇದೊಂದಕ್ಕೇ.
ಕಾಯ್ತಾನ್ ಬಾಬ್ ಕ್ರೇನಿನಿಂದ ಇಳಿಸಿ ಹೇಳಿದ:
‘ಟ್ರಕ್ಕಿನ ಬೆನ್ನಿಗೆ ಕಟ್ಟುವ ಮನೆ, ದ್ಯಾಮಣ್ಣ.
ಟ್ರಕ್ಕು ಗುಜರಿಗೆ ಹೋಗಿ ಮೂವತ್ತು ವರ್ಷ.
ಇದು ಮಾವನ ತೋಟದಲ್ಲಿತ್ತು, ಕೋಳಿ ಕೂಡಲಿಕ್ಕೆ.
ಹೊಸದರ ಹಾಗೆ ಮಾಡು. ಬಿಳಿ.’

ರೂಪಾಯಿ ತೆಗೆದು ಬಡಿದೆ.
ಸಂತೆಯಲ್ಲಿ ಅವ್ವ ಗಡಿಗೆ ಬಡಿಯುತ್ತಿದ್ದಳಲ್ಲ, ಹಾಗೆ,
ಕಿವಿ ಇಲ್ಲಿಟ್ಟು, ಕಣ್ಣು ಬೇರೆಲ್ಲೋ ಇಟ್ಟು.
ಟಣ್ ಅಂದರೆ ಗಟ್ಟಿ.
ಟಪ್ ಅಂದರೆ ಒಳಗೆ ನೀರು ಕೂತಿದೆ.
ಟಣ್ ಟಣ್ ಟಣ್
ಟಪ್.
ಟಪ್ ಅಂದಲ್ಲೆಲ್ಲ ಸೀಮೆಸುಣ್ಣದ ಸುತ್ತು.
ಸಂಜೆಯ ಹೊತ್ತಿಗೆ ಅದರ ಮೈತುಂಬ
ಅಮ್ಮ ಎದ್ದ ಹಾಗಿತ್ತು.

ಫೈಬರ್ ಕೊಳೆಯುವುದಿಲ್ಲ.
ಎರಡು ಪದರದ ನಡುವೆ ಬಲಕ್ಕೆಂದು ಇಟ್ಟ ಪ್ಲೈವುಡ್ಡು ಕೊಳೆಯುತ್ತದೆ,
ಸದ್ದಿಲ್ಲದೆ, ಯಾರಿಗೂ ಕಾಣದೆ.
ಕೈ ಹಾಕಿದರೆ ಒದ್ದೆ ತಂಬಾಕು.

ಗ್ರೈಂಡರ್ ಹಿಡಿದ ದಿನ ನಾನು ಚಾಪೆ ಬೇರೆ ಹಾಸಿಕೊಳ್ಳುತ್ತೇನೆ.
ಮುಖಕ್ಕೆ ಬಟ್ಟೆ ಸುತ್ತಿ, ತೋಳಿಗೆ ಪೌಡರ್ ಬಳಿದರೂ
ಗಾಜಿನ ತುರಿಕೆ ಬನಿಯನ್ನಿನ ಹೊಲಿಗೆ ಹುಡುಕಿಕೊಂಡು ಬರುತ್ತದೆ.
ನೀಲವ್ವ ನನ್ನ ಬಟ್ಟೆ ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಾಳೆ,
ಕೋಲಿನಿಂದ ಎತ್ತುತ್ತಾಳೆ.

ಬಣ್ಣ ಇಳಿಯಿತು: ಮೇಲೆ ಕೋಳಿಮನೆಯ ಸುಣ್ಣ,
ಕೆಳಗೆ ಹುಡುಗರ ಫುಟ್‌ಬಾಲ್ ಟೀಮಿನ ಹಸಿರು,
ಆಮೇಲೆ ಕಿತ್ತಳೆ ಪಟ್ಟೆ,
ಆಮೇಲೆ ಹೊಳಪು ಸತ್ತ ಹಾಲುಬಣ್ಣ,
ಯಾವುದೋ ಚಳಿದೇಶದಲ್ಲಿ ಅಚ್ಚಿನಿಂದ ಎದ್ದ ದಿನದ್ದು.

ಮಳೆ ಇನ್ನೂ ಹಿಂದೆಗೆದಿರಲಿಲ್ಲ.
ಗಾಳಿಯಲ್ಲಿ ನೀರಿದ್ದರೆ ರೆಸಿನ್ನು ಮುನಿಸಿಕೊಳ್ಳುತ್ತದೆ.
ಡಬ್ಬಿಯ ಮೇಲಿನ ಲೆಕ್ಕ ಬೇರೆ ಆಕಾಶದ್ದು.
ನಾನು ನೀಲವ್ವ ಹೆಪ್ಪು ಹಾಕುವ ಹಾಗೆ ಹಾಕುತ್ತೇನೆ,
ಥಂಡಿಗೆ ನಾಲ್ಕು ಹನಿ ಹೆಚ್ಚು, ಬಿಸಿಲಿಗೆ ಕಡಿಮೆ.
ಒಮ್ಮೆ ತಪ್ಪಿತು. ಡಬ್ಬಿ ಹೊಗೆಯಾಡಿ ಕೈಯಲ್ಲೇ ಕಲ್ಲಾಯಿತು,
ಒಳಗೊಂದು ನೊಣ ಸಮೇತ.
ಈಗ ನಮ್ಮ ಬಾಗಿಲಿಗೆ ಅದೇ ಒತ್ತು.

ಕಪಾಟಿನ ಬಾಗಿಲ ಹಿಂದೆ ಪೆನ್ಸಿಲ್ ಸಾಲುಗಳಿದ್ದವು.
ಕಾಯ್ತಾನ್ ಮಗಳು ಲವೀನಾ ಮೊಬೈಲ್ ಬೆಳಕು ಹಿಡಿದು ಓದಿದಳು:
ಎರ್ಜುರುಮ್, ಅರವತ್ತು ಲೀಟರ್.
ಹೆರಾತ್, ಐವತ್ತೈದು.
ಲುಧಿಯಾನ, ಪಂಕ್ಚರ್.
ಗದಗ, ನಲವತ್ತೊಂದು. ನೀರು ಸವಳು.

‘ಇನ್ನೊಮ್ಮೆ ಓದವ್ವ,’ ಅಂದೆ.
ಗದಗ. ನೀರು ಸವಳು.

ಖರೆ.
ನಮ್ಮ ನೀರು ಸವಳೇ.
ಪಂಪಿನ ಮುಂದೆ ಚಡ್ಡಿ ಹಿಡಿದುಕೊಂಡು ನಿಂತು
ಮನೆ ಹೊತ್ತ ಲಾರಿ ನೋಡಿದ ಹುಡುಗರಲ್ಲಿ
ನಾನಿದ್ದೆನೋ, ಶಾಲೆಯಲ್ಲಿದ್ದೆನೋ.
ಕುಡಿದವರಿಗೆ ಆ ರುಚಿ ನೆನಪಿತ್ತು, ಬರೆದಿಟ್ಟರು.
ಕೊನೆಯ ಸಾಲು ವಾಸ್ಕೊ. ಮುಂದೆ ಲೀಟರ್ ಇಲ್ಲ.

‘ಅದರ ಮೇಲೂ ಬಿಳಿ ಹೊಡಿ,’ ಅಂದ ಕಾಯ್ತಾನ್.
ಹೂಂ ಅಂದೆ. ಬಣ್ಣ ಬೆರೆಸದ ರೆಸಿನ್ನನ್ನು
ಎರಡು ಕೈ ಬಳಿದೆ, ಉಸಿರು ಬಿಗಿಹಿಡಿದು.
ಗೊತ್ತಾದಾಗ ಕೂಲಿಯಲ್ಲಿ ನೂರು ರೂಪಾಯಿ ಹಿಡಿದ.

ಬೈನಾದ ಮರಳ ಮೇಲೆ ನಮ್ಮದೂ ಒಂದು ಖೋಲಿ ಇತ್ತು.
ಜೆಸಿಬಿ ಬಂದ ಬೆಳಿಗ್ಗೆ ನೀಲವ್ವ
ಒಲೆಯ ಮೇಲಿನ ಕುಕ್ಕರ್ ಎತ್ತಿಕೊಂಡು ರಸ್ತೆಯಲ್ಲಿ ನಿಂತಿದ್ದಳು.
ಇನ್ನೆರಡು ಸೀಟಿ ಬಾಕಿ ಇತ್ತು.

ಇದಕ್ಕೆ ಮೂಲೆಗೊಂದರಂತೆ ನಾಲ್ಕು ಜಾಕು.
ತಿರುಗಿಸಿದರೆ ಮನೆ ಗೇಣುಗೇಣೇ ಮೇಲೇಳುತ್ತದೆ,
ಕೆಳಗೆ ಟ್ರಕ್ಕು ಹಿಂದಕ್ಕೆ ಸರಿಯುತ್ತ ಬಂದು ನಿಲ್ಲುತ್ತದೆ,
ಇಳಿದು ಕೂತರೆ ಆಯಿತು.
ಒಲೆ ಒಲೆಯ ಜಾಗದಲ್ಲೇ ಇರುತ್ತದೆ.

ಲವೀನಾ ಚೋರ್ಲಾ ಘಾಟಿನ ಕಡೆ ತಿರುಗಿಸಿಕೊಂಡು ಹೋದಳು.
ಎರಡು ಸಲ ಹಾರ್ನ್ ಹೊಡೆದಳು, ನಮಗೋ
ದಾರಿಯಲ್ಲಿದ್ದ ಎಮ್ಮೆಗೋ.

ರಾತ್ರಿ ಝುವಾರಿನಗರದ ಏರಿ ಹತ್ತಿ
ನಮ್ಮ ಖೋಲಿಯ ಹೊರಗೆ ನಿಂತೆ.
ಜೇಬಿನಲ್ಲಿ ಅದೇ ರೂಪಾಯಿ.
ಗೋಡೆಗೆ ಬಡಿದೆ, ಮೆಲ್ಲಗೆ,
ಕಿಟಕಿಯ ಕೆಳಗೆ, ಮೂಲೆಯಲ್ಲಿ, ಮತ್ತೆ ಬಾಗಿಲ ಪಕ್ಕ.
ಒಳಗಿನಿಂದ ನೀಲವ್ವ:
‘ಯಾರದು?’